ಬ್ರಹ್ಮಗಿರಿಯ ಕಾಲಗಣನೆ: ಒಂದು ವಿಮರ್ಶೆ

ಪ್ರಾಚೀನ ನಾಗರಿಕತೆಗಳ ಚರಿತ್ರೆಯೆಂದರೆ ನೈಲ್, ಯೂಫ್ರೆಟಿಸ್, ಸಿಂಧೂ, ಹ್ವಾಂಗ್‌ಹೋ ಎಂಬ ನಾಲ್ಕು ನದಿಗಳ ಚರಿತ್ರೆ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕುಳಿತು ಈ ಪಾಠಗಳನ್ನು ಓದುವವನಿಗೆ, ಹರಿಹರದ ಮಗ್ಗುಲಲ್ಲೇ ಹರಿಯುವ ತುಂಗಭದ್ರೆಯ ದಂಡೆಯಲ್ಲಿ ಅದೇ ಕಾಲಕ್ಕೆ ಯಾರು ನೆಲೆಸಿದ್ದರು, ಏನನ್ನು ಬೆಳೆಯುತ್ತಿದ್ದರು ಎಂಬ ಪ್ರಶ್ನೆ ಹುಟ್ಟುವುದೇ ಅಪೂರ್ವ. ಈ ಅಲಕ್ಷ್ಯಕ್ಕೆ ಪಠ್ಯಗಳ ಸಂಕ್ಷೇಪವೊಂದೇ ಕಾರಣವಲ್ಲ. ದಕ್ಷಿಣದ ಪ್ರಾಗಿತಿಹಾಸವು ತೀರ ಈಚಿನದು, ಲೋಕದ ಇತರ ಭಾಗಗಳು ಬಹುದೂರ ಮುಂದುವರಿದ ಬಳಿಕವಷ್ಟೇ ಇಲ್ಲಿಯ ಜನ ಕಲ್ಲಿನ ಕೊಡಲಿಯನ್ನು ಕೆಳಗಿಟ್ಟರು ಎಂಬ ಅಭಿಪ್ರಾಯವೂ ಬಹುಕಾಲ ಪ್ರಚಾರದಲ್ಲಿತ್ತು. ಅದಕ್ಕೆ ಮುಖ್ಯ ಆಧಾರವಾಗಿ ನಿಂತದ್ದು ಬ್ರಹ್ಮಗಿರಿಯ ಉತ್ಖನನದ ವರದಿ. ಆ ವರದಿಯ ಕಾಲಗಣನೆಯ ತರ್ಕವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಬ್ರಹ್ಮಗಿರಿಯು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. 1997ರವರೆಗೆ ದಾವಣಗೆರೆ, ಹರಿಹರಗಳೂ ಆ ಜಿಲ್ಲೆಗೇ ಸೇರಿದ್ದವು. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿ ಅಶೋಕನ ಶಾಸನವನ್ನು ಶೋಧಿಸಿದ ಮೇಲೆ ಈ ಸ್ಥಳ ವಿದ್ವಾಂಸರ ಗಮನಕ್ಕೆ ಬಂದಿತು. 1940ರ ದಶಕದ ಆರಂಭದಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಇಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ನಡೆಸಿದ ಉತ್ಖನನದ ವರದಿ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 4ನೆಯ ಸಂಚಿಕೆಯಲ್ಲಿ ಪ್ರಕಟವಾಯಿತು.

ಈ ವರದಿಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಮಣ್ಣಿನ ಪದರಗಳನ್ನು ಒಂದೊಂದಾಗಿ ಬೇರ್ಪಡಿಸಿ, ಯಾವ ವಸ್ತು ಯಾವ ಪದರದಲ್ಲಿ ದೊರೆಯಿತೆಂಬುದನ್ನು ಚ್ಯುತಿಯಿಲ್ಲದೆ ದಾಖಲಿಸುವ ಶಿಸ್ತನ್ನು ಅದು ದಕ್ಷಿಣದ ಪುರಾತತ್ತ್ವಕ್ಕೆ ಕಲಿಸಿತು. ಕೆಳಗೆ ಕಲ್ಲುಕೊಡಲಿಯ ಸಂಸ್ಕೃತಿ, ಅದರ ಮೇಲೆ ಕಬ್ಬಿಣವನ್ನು ಬಳಸಿ ಬೃಹತ್ ಶಿಲಾಗೋರಿಗಳನ್ನು ಕಟ್ಟಿದವರ ಸಂಸ್ಕೃತಿ, ಎಲ್ಲಕ್ಕೂ ಮೇಲೆ ಸಾತವಾಹನರ ಕಾಲದ ‘ಆಂಧ್ರ’ ಸಂಸ್ಕೃತಿ ಎಂಬ ಅನುಕ್ರಮವು ಇಂದಿಗೂ ಅಚಲವಾಗಿದೆ. ಆಕ್ಷೇಪ ಇರುವುದು ಅನುಕ್ರಮಕ್ಕಲ್ಲ, ಅದಕ್ಕೆ ಹಚ್ಚಿದ ವರ್ಷಗಳಿಗೆ.

2

ಆ ವರ್ಷಗಳು ಬಂದದ್ದು ಎಲ್ಲಿಂದ? 1945ರಲ್ಲಿ ವ್ಹೀಲರ್ ಅವರು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಅರೆಟೈನ್ ಪಾತ್ರೆಗಳನ್ನು ಕಂಡರು. ರೋಮಿನ ಚರಿತ್ರೆಯಿಂದ ಅವುಗಳ ಕಾಲ ನಿಶ್ಚಿತವಾಗಿತ್ತು: ಕ್ರಿ.ಶ. ಮೊದಲ ಶತಮಾನದ ಪೂರ್ವಾರ್ಧ. ಅಲ್ಲಿಯೇ ದೊರೆತ, ಸಾಲುಸಾಲಾಗಿ ಚುಕ್ಕೆಗಳನ್ನು ಒತ್ತಿದ ‘ರೂಲೆಟೆಡ್’ ಎಂಬ ನಯವಾದ ಪಾತ್ರೆಯ ಚೂರುಗಳು ಬ್ರಹ್ಮಗಿರಿಯ ಮೇಲಣ ಪದರದಲ್ಲಿಯೂ ಸಿಕ್ಕವು. ಚಿತ್ರದುರ್ಗದ ಮಗ್ಗುಲ ಚಂದ್ರವಳ್ಳಿಯಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯ ಇದಕ್ಕೆ ಪುಷ್ಟಿ ನೀಡಿತು. ಹೀಗೆ ಆಂಧ್ರ ಸಂಸ್ಕೃತಿಯ ಆರಂಭ ಕ್ರಿ.ಶ. ಮೊದಲ ಶತಮಾನದ ನಡುವೆ ಎಂದಾಯಿತು. ಅಲ್ಲಿಂದ ಕೆಳಗಿಳಿದು, ಶಿಲಾಗೋರಿಗಳವರು ಬಂದದ್ದು ಸುಮಾರು ಕ್ರಿ.ಪೂ. 200ರಲ್ಲಿ, ಕಲ್ಲುಕೊಡಲಿಯ ಸಂಸ್ಕೃತಿ ಮೊದಲಾದದ್ದು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆದಿಭಾಗದಲ್ಲಿ ಎಂದು ಗಣಿಸಲಾಯಿತು.

ಮೇಲಣ ಪದರದ ಕಾಲಕ್ಕೆ ಆಧಾರವಿದೆ. ಕೆಳಗಣ ಪದರಗಳ ಕಾಲಕ್ಕೆ ಇರುವುದು ಊಹೆ ಮಾತ್ರ. ದಾರಿಯ ಕೊನೆಯಲ್ಲಿ ನೆಟ್ಟ ಒಂದು ಮೈಲಿಗಲ್ಲು ನಾವು ನಿಂತ ಸ್ಥಳವನ್ನು ತಿಳಿಸೀತೇ ಹೊರತು, ನಡೆದು ಬಂದ ದೂರವನ್ನು ತಿಳಿಸಲಾರದು. ಒಂದು ಅಡಿ ಮಣ್ಣು ಒಂದು ಊರಿನಲ್ಲಿ ಐವತ್ತು ವರ್ಷಗಳಲ್ಲಿ ಕೂಡಬಹುದು, ಇನ್ನೊಂದರಲ್ಲಿ ಐನೂರು ವರ್ಷಗಳಲ್ಲಿ.

3

ಈ ಗಣನೆಯ ದೌರ್ಬಲ್ಯಕ್ಕೆ ಬ್ರಹ್ಮಗಿರಿಯ ಬಂಡೆಯೇ ಸಾಕ್ಷಿಯಾಗಿತ್ತು. ಅಶೋಕನ ಶಾಸನ ಕ್ರಿ.ಪೂ. ಮೂರನೆಯ ಶತಮಾನದ್ದು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ಕಳುಹಿಸಿದ ಆಜ್ಞೆಯದು. ಅದನ್ನು ಬರೆದ ಚಪಡನು ‘ಲಿಪಿಕಾರ’ ಎಂಬ ತನ್ನ ವೃತ್ತಿಯನ್ನು ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ ನಮೂದಿಸಿದ್ದಾನೆ. ವ್ಹೀಲರ್ ಅವರ ಲೆಕ್ಕವನ್ನು ಒಪ್ಪಿದರೆ, ಮಹಾಮಾತ್ರರಿದ್ದ ಈ ಇಸಿಲದ ಜನ ಆಗಲೂ ಕಲ್ಲುಕೊಡಲಿಯವರು; ಕಬ್ಬಿಣ ಇಲ್ಲಿಗೆ ಬಂದದ್ದು ಮೌರ್ಯರ ಅಧಿಕಾರ ಅಳಿದ ಮೇಲೆ! ಅಧಿಕಾರಿಗಳು ಹೊರಗಿನವರು, ಪ್ರಜೆಗಳು ಹಿಂದುಳಿದವರು ಎಂದು ಸಮಾಧಾನ ಹೇಳಬಹುದು. ಆದರೆ ಅಂತಹ ಸಮಾಧಾನ ಬೇಕಾದಲ್ಲಿ, ಲೆಕ್ಕವನ್ನೇ ಮತ್ತೊಮ್ಮೆ ನೋಡುವುದು ವಿಮರ್ಶಕನ ಕರ್ತವ್ಯ.

ಲೆಕ್ಕವನ್ನು ತಿದ್ದಿದ್ದು ಇಂಗಾಲ-14ರ ವಿಧಾನ. ಜೀವ ಹೋದ ವಸ್ತುವಿನಲ್ಲಿ ಈ ವಿಕಿರಣಶೀಲ ಇಂಗಾಲವು ಸುಮಾರು 5,730 ವರ್ಷಗಳಿಗೆ ಅರ್ಧದಷ್ಟಾಗುವುದರಿಂದ, ಸುಟ್ಟ ಇದ್ದಿಲಿನ ಚೂರೂ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ರೋಮಿನ ಸಾಕ್ಷಿ ಬೇಕಿಲ್ಲ. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಅಗೆದ ಉಟ್ನೂರಿನ ಬೂದಿದಿಬ್ಬ, ಅಂದರೆ ದನದ ಸಗಣಿ ಸುಟ್ಟು ಬೆಳೆದ ದಿಬ್ಬ, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋಯಿತು. ಮೊಹೆಂಜೊದಾರೊ ಜೀವಂತವಾಗಿದ್ದಾಗ ದಕ್ಷಿಣದ ಪ್ರಸ್ಥಭೂಮಿಯಲ್ಲಿ ಗೋಪಾಲಕರ ಹಟ್ಟಿಗಳಿದ್ದವೆಂಬುದು ಇದರಿಂದ ಸ್ಪಷ್ಟ. ಹರಿಹರದಿಂದ ನದಿಯ ಮೇಲ್ಮುಖವಾಗಿ ಹೋದರೆ ಸಿಗುವ ಹಾವೇರಿ ಜಿಲ್ಲೆಯ ಹಳ್ಳೂರನ್ನು 1965ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಗೆದರು. ಅಲ್ಲಿ ನವಶಿಲಾಯುಗದ ಕೊನೆ ಮತ್ತು ಕಬ್ಬಿಣದ ಮೊದಲು ಒಂದರೊಳಗೊಂದು ಬೆರೆತ ಪದರಗಳಿಗೆ ಕ್ರಿ.ಪೂ. ಸುಮಾರು 1000 ಎಂಬ ಕಾಲ ಬಂದಿತು. ಅಂದರೆ ಬ್ರಹ್ಮಗಿರಿಯ ಗಣನೆಗಿಂತ ಎಂಟು ಶತಮಾನ ಹಿಂದೆ. ಅಲ್ಲಿಯ ಜನ ಹುರುಳಿ, ಹೆಸರು, ಕಿರುಧಾನ್ಯಗಳನ್ನು ಬೆಳೆದರೆಂಬುದಕ್ಕೆ ಸುಟ್ಟ ಕಾಳುಗಳೇ ಪ್ರಮಾಣ. ಇವು ನಮ್ಮ ಹೊಲಗಳಲ್ಲಿ ಇಂದಿಗೂ ಬೆಳೆಯುವ ಬೆಳೆಗಳು. 1989ರಿಂದ 1992ರವರೆಗೆ ವಿಮಲಾ ಬೇಗ್ಲಿ ಅವರು ಅರಿಕಮೇಡಿನಲ್ಲಿ ಮತ್ತೆ ನಡೆಸಿದ ಶೋಧನೆಯಿಂದ, ರೂಲೆಟೆಡ್ ಪಾತ್ರೆಯೇ ಕ್ರಿಸ್ತಪೂರ್ವದ್ದೆಂಬ ನಿಲುವು ಬಲಗೊಂಡಿತು. ಹೀಗೆ ಅಳೆಯುವ ಕೋಲೇ ಅಲುಗಾಡಿತು.

4

ಇದು ದಕ್ಷಿಣಕ್ಕಷ್ಟೇ ಸಂಭವಿಸಿದ್ದಲ್ಲ. ಯುರೋಪಿನ ಬೃಹತ್ ಶಿಲಾಗೋರಿಗಳ ಕಲ್ಪನೆಯು ಪೂರ್ವ ಮೆಡಿಟರೇನಿಯನ್ನಿನಿಂದ ಬಂದಿತೆಂದು ನಂಬಿ, ಈಜಿಪ್ಟಿನ ರಾಜವಂಶಾವಳಿಯಿಂದ ಅವುಗಳ ಕಾಲವನ್ನು ಇಳಿಸಲಾಗಿತ್ತು. ಫ್ರಾನ್ಸಿನ ಬ್ರಿಟನಿಯ ಗೋರಿಗಳು ಪಿರಮಿಡ್ಡುಗಳಿಗಿಂತ ಹಳೆಯವೆಂದು ಇಂಗಾಲ-14 ತೋರಿಸಿದಾಗ, ಆ ಕಟ್ಟಡವೆಲ್ಲ ಕುಸಿಯಿತು. ಕಾಲಿನ್ ರೆನ್‌ಫ್ರೂ ಅವರ 1973ರ ಗ್ರಂಥ ಈ ಪರಿಣಾಮವನ್ನು ವಿವರವಾಗಿ ನಿರೂಪಿಸಿದೆ. ಪ್ರಖ್ಯಾತ ನಾಗರಿಕತೆಯೊಂದನ್ನು ಗಡಿಯಾರವಾಗಿಟ್ಟುಕೊಂಡು ಉಳಿದವರ ಕಾಲವನ್ನು ಓದುವುದೇ ಎರಡೂ ಕಡೆಯ ದೋಷ. ಆ ಗಡಿಯಾರದಲ್ಲಿ ಉಳಿದವರು ಯಾವಾಗಲೂ ತಡವಾಗಿಯೇ ಬರುತ್ತಾರೆ.

ಆದರೆ ಇದರಿಂದ ಪ್ರಾಚೀನತೆಯ ಪಂದ್ಯಕ್ಕೆ ಇಳಿಯಲು ಅನುಮತಿ ದೊರೆತಂತಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಪ್ರಕಟಿಸಿದ ವರದಿಯು ಶಿವಗಳೈಯಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 3345ರಷ್ಟು ಹಿಂದಕ್ಕೆ ಒಯ್ಯುತ್ತದೆ. ಕಾಲ ತಿಳಿಸಿದ ಇದ್ದಿಲಿಗೂ ಕಬ್ಬಿಣದ ತುಂಡಿಗೂ ಇರುವ ಸಂಬಂಧವೇನು, ಅದೇ ಕಾಲ ಎಷ್ಟು ನೆಲೆಗಳಲ್ಲಿ ಮರುಕಳಿಸಿದೆ ಎಂಬ ಪ್ರಶ್ನೆಗಳನ್ನು ಅಲ್ಲಿಯೂ ಕೇಳಲೇಬೇಕು. ವ್ಹೀಲರ್ ಅವರಿಗೆ ಹಾಕಿದ ಪ್ರಶ್ನೆಯನ್ನು ನಮ್ಮವರಿಗೆ ಹಾಕದಿದ್ದರೆ ಅದು ವಿಮರ್ಶೆಯಲ್ಲ, ಪಕ್ಷಪಾತ.

ಹಳ್ಳೂರಿನಲ್ಲಿ ಪಿರಮಿಡ್ಡಿಲ್ಲ, ಬರೆಹವಿಲ್ಲ, ಅರಸರ ಹೆಸರಿಲ್ಲ. ಆದರೂ ಒಣಭೂಮಿಗೆ ಒಗ್ಗುವ ಬೇಸಾಯವನ್ನು ಕಟ್ಟಿ ನಿಲ್ಲಿಸಿದ ಜನಜೀವನವೊಂದು ಅಲ್ಲಿದೆ. ಅಧ್ಯಾಪಕರು ನಾಲ್ಕು ನದಿಗಳ ಪಾಠದೊಡನೆ ಈ ಐದನೆಯ ನದಿಯನ್ನೂ ಸೇರಿಸಿ, ಪ್ರತಿಯೊಂದು ಇಸವಿಯೊಡನೆ ಅದು ಯಾವ ಪ್ರಮಾಣದಿಂದ ಬಂದಿತೆಂಬುದನ್ನೂ ಹೇಳಿಕೊಟ್ಟರೆ, ಇಸವಿಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿ ಅವುಗಳನ್ನು ಪರೀಕ್ಷಿಸಲು ಕಲಿಯುವನು.