ಕರಡು ಯಾರ ಕೈಗೆ?

ದಲಿತ ವಿಮರ್ಶೆ ಅಂದ ಕೂಡಲೆ ನಾವು ಅಚ್ಚಾದ ಪುಸ್ತಕದಿಂದಲೇ ಮಾತು ಶುರು ಮಾಡುತ್ತೇವೆ. ಅಚ್ಚಾಗುವ ಮೊದಲು ಅದನ್ನು ಯಾರು ಓದಿದರು, ಯಾವ ಸಾಲು ಯಾರ ಮಾತಿಗೆ ಬಿದ್ದುಹೋಯಿತು ಎಂದು ಕೇಳುವುದಿಲ್ಲ. ನನ್ನ ಮಟ್ಟಿಗೆ ವಿಮರ್ಶೆ ಹುಟ್ಟುವುದೇ ಅಲ್ಲಿ.

1936ರ ಲಾಹೋರ್ ಪ್ರಸಂಗ ಗೊತ್ತಿರುವುದೇ. ಜಾತಿ ಒಡೆಯಲೆಂದೇ ಹುಟ್ಟಿದ ಜಾತ್-ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರರನ್ನು ಕರೆಯಿತು. ಭಾಷಣವನ್ನು ಮೊದಲೇ ತರಿಸಿಕೊಂಡು ಓದಿತು. ಓದಿ ಬೆಚ್ಚಿತು. ವೇದದ ಮಾತು, ಹಿಂದೂ ಧರ್ಮ ಬಿಡುವ ಮಾತು ಇರಕೂಡದೆಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ ಎಂದರು ಬಾಬಾಸಾಹೇಬರು. ಸಮ್ಮೇಳನ ರದ್ದಾಯಿತು, ಭಾಷಣವನ್ನು ಅವರೇ ಅಚ್ಚು ಹಾಕಿಸಿದರು.

ನಮ್ಮವರು ಇದನ್ನು ಹೇಳುವಾಗ ಅಲ್ಪವಿರಾಮದ ಹತ್ತಿರ ಚಪ್ಪಾಳೆ ತಟ್ಟಿ ನಿಲ್ಲಿಸಿಬಿಡುತ್ತಾರೆ. ಅದೇ ಬಾಬಾಸಾಹೇಬರು 1951ರಲ್ಲಿ ಬುದ್ಧನನ್ನು ಕುರಿತ ತಮ್ಮ ಗ್ರಂಥದ ಮೊದಲ ರೂಪವನ್ನು ಕೆಲವೇ ಪ್ರತಿ ಅಚ್ಚು ಹಾಕಿಸಿ, ಅಭಿಪ್ರಾಯ ಕೇಳಿ ಖಾಸಗಿಯಾಗಿ ಹಂಚಿದ್ದು ಅಷ್ಟಾಗಿ ನೆನಪಾಗುವುದಿಲ್ಲ. 'ಬುದ್ಧ ಮತ್ತು ಅವನ ಧಮ್ಮ' ಹೊರಬಂದದ್ದು 1957ರಲ್ಲಿ, ಅವರು ತೀರಿಕೊಂಡ ಮೇಲೆ. ತಿದ್ದಿಸಿಕೊಳ್ಳಲು ಅವರಿಗೆ ಅಹಂಕಾರವೇನೂ ಅಡ್ಡ ಬರಲಿಲ್ಲ ಅಂತಾಯಿತು. ಲಾಹೋರಿನವರು ಓದಿದ್ದು ತಮ್ಮ ಮನೆಯ ಜಂತೆ ಉಳಿಯಲಿ ಅಂತ. 1951ರಲ್ಲಿ ಅವರು ಹುಡುಕಿದ್ದು ಪುಸ್ತಕ ಗಟ್ಟಿಯಾಗಲಿ ಅಂತ ಓದುವವರನ್ನು.

ಎಂ.ಎ. ಓದುವಾಗ ನನ್ನ ಮೊದಲ ಕಥೆಯನ್ನು ಹಿರಿಯರೊಬ್ಬರಿಗೆ ಕೊಟ್ಟಿದ್ದೆ. ಒಳ್ಳೆಯವರೇ. ಅವ್ವನ ಮಾತನ್ನೆಲ್ಲ ಕೆಂಪು ಶಾಯಿಯಲ್ಲಿ ಶುದ್ಧ ಮಾಡಿ, 'ಅನುಭವ ದಟ್ಟವಾಗಿದೆ, ಭಾಷೆ ಪಳಗಬೇಕು' ಎಂದರು. ಅದೇ ಕರಡನ್ನು ಹಾಸ್ಟೆಲಿನ ರೂಮಿನಲ್ಲಿ ಓದಿದೆ. ಗೆಳೆಯನೊಬ್ಬ, 'ನಿಮ್ಮವ್ವ ಈ ಕಥೇಲಿ ಬರೀ ಅಳ್ತಾಳಲ್ಲೋ. ಗೌಡನ ಹೆಂಡ್ತೀನ ಆಡ್ಕೊಂಡು ನಗೋದಿಲ್ವೇನ್ಲಾ?' ಅಂದ. ಬಾಯಿಗೆ ಬೀಗ ಬಿತ್ತು. ಅವ್ವ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಳುವ ಅವ್ವನನ್ನು ನಾನು ತಂದದ್ದು ಓದಿದ ಪುಸ್ತಕಗಳಿಂದ. ಹಿರಿಯರು ದಟ್ಟ ಎಂದ ಅನುಭವ ಅರ್ಧ ಸುಳ್ಳಾಗಿತ್ತು. ಆ ಸುಳ್ಳನ್ನು ಹಿಡಿಯಲು ಕೇರಿಯ ಕಿವಿ ಬೇಕಾಯಿತು.

ಹಾಗಂತ ಕೇರಿಯ ಕಿವಿಯೇ ಪ್ರಮಾಣ ಅನ್ನಲಾರೆ. ಇನ್ನೊಂದು ಕಥೆಯಲ್ಲಿ, ನಮ್ಮ ಹೊಲಗೇರಿಯವರು ಮಾದಿಗರ ಕೈಯ ನೀರು ಕುಡಿಯದ ಪ್ರಸಂಗ ಬಂದಾಗ, ಅದೇ ರೂಮಿನಲ್ಲಿ ಅದೇ ಗೆಳೆಯರು 'ಇದು ಬ್ಯಾಡ ಕಣ್ಲಾ, ಮೇಲಿನೋರು ನಗ್ತಾರೆ' ಅಂದರು. ನಾನು ಅದನ್ನು ಕಿತ್ತುಹಾಕಿದೆ. ಮಂಡಲದ ಪತ್ರಕ್ಕಿಂತ ಇದೇನು ಬೇರೆ? ಒಳಮೀಸಲಾತಿಯ ಮಾತು ಎದ್ದಾಗಲೆಲ್ಲ ಆ ಹಾಳೆ ನೆನಪಾಗುತ್ತದೆ. ಕರಡನ್ನು ಮಾದಿಗ ಗೆಳೆಯನೊಬ್ಬ ಕೇಳಿದ್ದರೆ ಏನೆನ್ನುತ್ತಿದ್ದನೋ. ನಾವು ಕರೆದಿರಲೇ ಇಲ್ಲ. ಹೆಣ್ಣುಮಕ್ಕಳಂತೂ ಇರಲಿಲ್ಲ, ಗಂಡುಮಕ್ಕಳ ಹಾಸ್ಟೆಲು. ಅವ್ವ ನಗುತ್ತಾಳೋ ಅಳುತ್ತಾಳೋ ಅಂತ ತೀರ್ಪು ಕೊಟ್ಟವರೆಲ್ಲ ಗಂಡಸರೇ.

ಈಗ ನನ್ನ ತರಗತಿಯ ಹುಡುಗಿಯೊಬ್ಬಳು ಕಥೆಯ ಕರಡು ತಂದುಕೊಟ್ಟಿದ್ದಾಳೆ. ನಾಲ್ಕು ದಿನದಿಂದ ಮೇಜಿನ ಮೇಲಿದೆ. ಪೆನ್ನು ಮುಟ್ಟಿಲ್ಲ. ಮೊದಲು ಅವಳ ಬಾಯಲ್ಲೇ ಕೇಳಬೇಕು, ಅವಳ ಗೆಳತಿಯರನ್ನೂ ಕೂರಿಸಿಕೊಂಡು.