ಪಕ್ಕದ ಕುರ್ಚಿಯ ಎಡಿತ್

ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಇತಿಹಾಸ ಸಂಗ್ರಹಾಲಯದಲ್ಲಿ ಎರಡು ಹಳೆಯ ಕುರ್ಚಿಗಳಿವೆ. ಯಾವ ರಾಷ್ಟ್ರಾಧ್ಯಕ್ಷನೂ ಅವುಗಳ ಮೇಲೆ ಕುಳಿತವನಲ್ಲ. ಹಳೆಯ ಸಾಮಾನಿನ ಅಂಗಡಿಯಿಂದ ಕೆಲವೇ ಡಾಲರುಗಳಿಗೆ ಕೊಂಡು ತಂದ ಈ ಕುರ್ಚಿಗಳು ‘ಆಲ್ ಇನ್ ದ ಫ್ಯಾಮಿಲಿ’ ಎಂಬ ಕೌಟುಂಬಿಕ ಹಾಸ್ಯ ಧಾರಾವಾಹಿಯಲ್ಲಿ ಆರ್ಚಿ ಬಂಕರ್ ಮತ್ತು ಅವನ ಹೆಂಡತಿ ಎಡಿತ್ ಕೂರುತ್ತಿದ್ದ ಆಸನಗಳು. 1978ರಲ್ಲಿ ಅವು ಸಂಗ್ರಹಾಲಯವನ್ನು ಸೇರಿದವು. ಧಾರಾವಾಹಿ ಮುಗಿಯಿತೆಂದು ಭಾವಿಸಿ ಕೊಟ್ಟುಬಿಟ್ಟಿದ್ದರು. ಅದು ಇನ್ನೂ ಒಂದು ವರ್ಷ ಮುಂದುವರಿದಾಗ ಹೆಚ್ಚು ಹಣ ತೆತ್ತು ಅವುಗಳ ಪ್ರತಿಕೃತಿಗಳನ್ನು ಮಾಡಿಸಬೇಕಾಯಿತು.

ಈ ಧಾರಾವಾಹಿಯ ಮೂಲ ಬ್ರಿಟನ್ನಿನದು. ಜಾನಿ ಸ್ಪೈಟ್ ಅವರು ಬಿ.ಬಿ.ಸಿ.ಗಾಗಿ ಬರೆದ ‘ಟಿಲ್ ಡೆತ್ ಅಸ್ ಡು ಪಾರ್ಟ್’ ತನ್ನ ಹೆಸರನ್ನು ವಿವಾಹ ಪ್ರಮಾಣವಚನದಿಂದಲೇ ಪಡೆದಿತ್ತು. ಮರಣವು ಅಗಲಿಸುವ ತನಕ ಎಂಬ ಆ ಮಾತನ್ನು ಸ್ಪೈಟ್ ವ್ಯಂಗ್ಯಕ್ಕೆ ಬಳಸಿದರು. ಅಲ್ಲಿನ ಗಂಡ ಕಂಡಕಂಡವರನ್ನು ಹಳಿಯುವ ಬಾಯಿಬಡುಕ. ಹೆಂಡತಿಯನ್ನು ದಡ್ಡ ಹಸುವೆಂದು ಕರೆಯುವುದು ಅವನ ವಾಡಿಕೆ. ಇದರ ಸುದ್ದಿ ಓದಿದ ಅಮೆರಿಕದ ನಿರ್ಮಾಪಕ ನಾರ್ಮನ್ ಲಿಯರ್ ಅವರಿಗೆ ನೆನಪಾದದ್ದು ತಮ್ಮ ಸ್ವಂತ ಮನೆ. ಅವರ ಯೆಹೂದಿ ತಂದೆಯೂ ಕುರ್ಚಿಯಲ್ಲಿ ಕುಳಿತು ಹೆಂಡತಿಯ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯ. ಹೀಗೆ, ಮಗನೊಬ್ಬ ತಂದೆಯ ಮೇಲಿನ ಸಿಟ್ಟನ್ನೂ ಪ್ರೀತಿಯನ್ನೂ ಒಟ್ಟಿಗೆ ಹೊತ್ತು ಕಟ್ಟಿದ ಕೃತಿ ಇದು. ಆರ್ಚಿಯನ್ನು ನಾವು ಪೂರ್ತಿಯಾಗಿ ದ್ವೇಷಿಸಲಾಗದಿರುವುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕೆಂದು ನನಗನಿಸುತ್ತದೆ.

ಮೊದಲ ಮಾದರಿ ಕಂತು 1968ರಲ್ಲಿ ನ್ಯೂಯಾರ್ಕಿನಲ್ಲಿ ಸಿದ್ಧವಾಯಿತು. ಎರಡನೆಯದು 1969ರಲ್ಲಿ ಹಾಲಿವುಡ್ಡಿನಲ್ಲಿ. ಎರಡನ್ನೂ ಮಾಡಿಸಿದ ಎ.ಬಿ.ಸಿ. ವಾಹಿನಿಯೇ ಎರಡನ್ನೂ ತಿರಸ್ಕರಿಸಿತು. ಮಗಳು ಅಳಿಯಂದಿರ ಪಾತ್ರಧಾರಿಗಳು ಪ್ರತಿಸಲ ಬದಲಾದರು. ಆರ್ಚಿಯಾದ ಕ್ಯಾರಲ್ ಓಕಾನರ್ ಮತ್ತು ಎಡಿತಳಾದ ಜೀನ್ ಸ್ಟೇಪಲ್ಟನ್ ಮಾತ್ರ ಕೊನೆಯವರೆಗೆ ಉಳಿದರು. ಮೂರನೆಯ ಯತ್ನಕ್ಕೆ ಆಶ್ರಯ ಕೊಟ್ಟದ್ದು ಸಿ.ಬಿ.ಎಸ್. ವಾಹಿನಿ. ಆ ವಾಹಿನಿಯ ಧೈರ್ಯವನ್ನು ಹೊಗಳುವವರು ಒಂದು ವಿಷಯವನ್ನು ಮರೆಯಬಾರದು. ಜಾಹೀರಾತುದಾರರಿಗೆ ಪ್ರಿಯರಾದ ನಗರದ ಯುವ ವೀಕ್ಷಕರಿಗಾಗಿ ಅದು ಹಳ್ಳಿಯ ಹಿನ್ನೆಲೆಯ ಹಾಸ್ಯ ಧಾರಾವಾಹಿಗಳನ್ನು ಕೈಬಿಡುತ್ತಿದ್ದ ಕಾಲವದು.

1971ರ ಜನವರಿ 12ರಂದು ಮೊದಲ ಕಂತು ಪ್ರಸಾರವಾಯಿತು. ಅದಕ್ಕೆ ಮುನ್ನ ನಡೆದ ಜಗಳ ಸ್ವಾರಸ್ಯಕರವಾದುದು. ಪ್ರಬೋಧನೆ ಹಿಡಿಸದೆ ಆರ್ಚಿ ಭಾನುವಾರದ ಆರಾಧನೆಯಿಂದ ಅರ್ಧದಲ್ಲೇ ಎದ್ದು ಬರುತ್ತಾನೆ. ಮಗಳು ಅಳಿಯ ಏಕಾಂತದಲ್ಲಿರುವುದನ್ನು ಕಂಡು, ಭಾನುವಾರ ಬೆಳಿಗ್ಗೆ 11.10ಕ್ಕೇ ಹೀಗೆಯೇ ಎಂದು ಗೊಣಗುತ್ತಾನೆ. ವಾಹಿನಿಗೆ ಈ ಮಾತು ಬೇಡವಾಗಿತ್ತು. ತೆಗೆದರೆ ತಾನಿರುವುದಿಲ್ಲವೆಂದು ಲಿಯರ್ ಪಟ್ಟು ಹಿಡಿದರು, ಮಾತು ಉಳಿಯಿತು. ಜನಾಂಗ ಜನಾಂಗಗಳನ್ನು ಹೀಯಾಳಿಸುವ ಅಷ್ಟೊಂದು ಮಾತುಗಳಿದ್ದ ಕಂತಿನಲ್ಲಿ ಗಂಡಹೆಂಡಿರ ಸಲ್ಲಾಪದ ಸುಳಿವಿಗಾಗಿ ಇಷ್ಟು ಜಗಳವಾಯಿತಲ್ಲ! ಜನರ ಆಕ್ರೋಶವನ್ನು ಎದುರಿಸಲು ವಾಹಿನಿ ಹೆಚ್ಚುವರಿ ದೂರವಾಣಿ ಸಿಬ್ಬಂದಿಯನ್ನು ಇರಿಸಿತ್ತು. ಆದರೆ ನಿರೀಕ್ಷಿಸಿದಷ್ಟು ಕರೆಗಳು ಬರಲೇ ಇಲ್ಲ. ಮೊದಲ ತಿಂಗಳುಗಳಲ್ಲಿ ನೋಡುಗರೂ ಕಡಿಮೆ. ಬೇಸಿಗೆಯ ಮರುಪ್ರಸಾರ, ಎಮ್ಮಿ ಪ್ರಶಸ್ತಿಗಳ ಬಳಿಕ ಅದು ಸತತ ಐದು ಋತುಗಳ ಕಾಲ ದೇಶದ ಪ್ರಥಮ ಸ್ಥಾನದಲ್ಲಿ ನಿಂತಿತು.

ನಗುವಿನ ವಿಷಯಕ್ಕೆ ಬರೋಣ. ಇಲ್ಲಿ ಡಬ್ಬಿಯಲ್ಲಿ ತುಂಬಿಟ್ಟ ನಗುವಿರಲಿಲ್ಲ. ನಾಟಕದಂತೆ ಸಭಿಕರೆದುರು ಅಭಿನಯಿಸಿ, ಅವರ ನಗುವಿನೊಡನೆಯೇ ಧ್ವನಿಮುದ್ರಿಸುತ್ತಿದ್ದರು. ಕೊನೆಯ ಋತುವಿನಲ್ಲಿ ಮಾತ್ರ ಮೊದಲೇ ಚಿತ್ರೀಕರಿಸಿದ್ದನ್ನು ಸಭಿಕರಿಗೆ ತೋರಿಸಿ ನಗುವನ್ನು ಸಂಗ್ರಹಿಸಿದರು. ನಗು ನಿಜವಾದದ್ದೇ. ಆದರೆ ಅವರು ನಗುತ್ತಿದ್ದುದು ಆರ್ಚಿಯನ್ನು ಕಂಡೋ, ಆರ್ಚಿಯ ಜೊತೆಗೂಡಿಯೋ? ಕಾದಂಬರಿಗಾರ್ತಿ ಲಾರಾ ಹಾಬ್ಸನ್ ಅವರು 1971ರಲ್ಲೇ ಪತ್ರಿಕೆಯಲ್ಲಿ ಆಕ್ಷೇಪವೆತ್ತಿದರು: ದ್ವೇಷಿಯನ್ನು ಮುದ್ದಾಗಿಸುವುದು ದ್ವೇಷವನ್ನೇ ಮುದ್ದಾಗಿಸಿದಂತೆ ಎಂಬುದು ಅವರ ವಾದದ ತಿರುಳು. ಲಿಯರ್ ಒಪ್ಪಲಿಲ್ಲ. ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಅಧ್ಯಯನ ಹಾಬ್ಸನ್ ಅವರ ಅನುಮಾನಕ್ಕೇ ಬಲ ಕೊಟ್ಟಿತು. ಪೂರ್ವಗ್ರಹ ಹೆಚ್ಚಿರುವವರು ಆರ್ಚಿಯನ್ನೇ ಮೆಚ್ಚಿ, ವಾದದಲ್ಲಿ ಗೆದ್ದವನೂ ಅವನೇ ಎಂದು ಕಂಡರು. ಕಡಿಮೆಯಿರುವವರು ಅವನು ಬಯಲಾದನೆಂದು ಕಂಡರು. ಹಾಸ್ಯ ಕನ್ನಡಿಯೆಂಬ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟು. ಕನ್ನಡಿ ಎದುರಿಗಿದ್ದರೂ ಮನುಷ್ಯ ತನಗೆ ಬೇಕಾದ ಮುಖವನ್ನೇ ಅದರಲ್ಲಿ ನೋಡಬಲ್ಲ.

ಹಾಗಾದರೆ ಕೃತಿ ಸೋತಿತೇ? ನಾನು ಹಾಗೆನ್ನಲಾರೆ. ನನ್ನ ಉತ್ತರ ಆರ್ಚಿಯಲ್ಲಿಲ್ಲ, ಎಡಿತಳಲ್ಲಿದೆ. ಬ್ರಿಟಿಷ್ ಮೂಲದ ಹೆಂಡತಿ ತಾನೂ ಕೊಂಕು ನುಡಿಯಬಲ್ಲವಳು. ಸ್ಟೇಪಲ್ಟನ್ ಆ ಪಾತ್ರವನ್ನು ಬೇರೊಂದು ಹಾದಿಗೆ ಒಯ್ದರು. ಆ ಕೀಚಲು ದನಿ, ಅಡುಗೆಮನೆಯಿಂದ ನಡುಮನೆಗೆ ಓಡೋಡಿ ಬರುವ ಆ ಸಣ್ಣ ಹೆಜ್ಜೆಗಳು, ತಲೆಬುಡವಿಲ್ಲದೆ ಲಂಬಿಸುವ ಕಥೆಗಳು. ಇವೆಲ್ಲ ನಗೆಯ ಸಾಮಗ್ರಿಯೇ. ಆದರೆ ಅವಳ ಬಾಯಿಂದ ಕಹಿ ಮಾತ್ರ ಬರುವುದಿಲ್ಲ. ಗಂಡ ಬಾಯಿಗೆ ಬಂದಂತೆ ಹೀಗಳೆದ ನೆರೆಯವರನ್ನು ಅವಳು ಮುಂದಿನ ಕ್ಷಣವೇ ಒಳಗೆ ಕರೆದು ಉಪಚರಿಸುತ್ತಾಳೆ. ಆರ್ಚಿಯ ಮಾತಿನಲ್ಲಿ ಗೆಲುವನ್ನು ಕಂಡವರು ಇರಬಹುದು. ಎಡಿತಳ ಒಳ್ಳೆಯತನವನ್ನು ಅದಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುವುದು ಯಾರಿಗೂ ಸುಲಭವಲ್ಲ.

1977ರ ಕ್ರಿಸ್ತಜಯಂತಿಯ ಕಂತುಗಳು ಇದಕ್ಕೆ ನಿದರ್ಶನ. ಸ್ತ್ರೀವೇಷದ ಕಲಾವಿದ ಬೆವರ್ಲಿ ಎಡಿತಳ ಸ್ನೇಹಿತ. ದರೋಡೆಕೋರರಿಂದ ಅಳಿಯ ಮೈಕನನ್ನು ಕಾಪಾಡಲು ಹೋಗಿ ಅವನು ಕೊಲೆಯಾಗುತ್ತಾನೆ. ಎಡಿತ್ ಹಬ್ಬದ ದಿನ ಚರ್ಚಿಗೆ ಹೋಗಲೊಲ್ಲಳು. ದೇವರ ಮೇಲಿನ ಅವಳ ವಿಶ್ವಾಸವೇ ಕುಸಿದಿದೆ. ಅವಳನ್ನು ಸಂತೈಸುವವನು ಯಾರು? ದೇವರನ್ನೇ ನಂಬದ ಮೈಕ್. ಎಲ್ಲವೂ ಒಮ್ಮೆಲೇ ಅರ್ಥವಾಗಬೇಕೆಂದಿಲ್ಲ ಎನ್ನುತ್ತಾನೆ. ನಮಗೆಲ್ಲ ನೀನು ಬೇಕು ಎನ್ನುತ್ತಾನೆ. ಹಾಸ್ಯ ಧಾರಾವಾಹಿಯೊಂದು ಯೋಬನ ಪ್ರಶ್ನೆಯನ್ನು ಎತ್ತಿ, ಅಗ್ಗದ ಉತ್ತರ ಕೊಡದೆ ಬಿಟ್ಟಿತು. ಇಂಥ ಮನೆಗಳಿಗೆ ಹೋಗಿ ಮಾತು ತಡವರಿಸಿದ ನಾನು ಆ ದೃಶ್ಯವನ್ನು ಸುಲಭವಾಗಿ ಮರೆಯಲಾರೆ.

1979ರ ಏಪ್ರಿಲಿನಲ್ಲಿ ಧಾರಾವಾಹಿ ನಿಂತಿತು. ‘ಆರ್ಚಿ ಬಂಕರ್ಸ್ ಪ್ಲೇಸ್’ ಎಂಬ ಮುಂದುವರಿಕೆ ಆರಂಭವಾಯಿತು. ಸ್ಟೇಪಲ್ಟನ್ ಪಾತ್ರದಿಂದ ಬಿಡುಗಡೆ ಬಯಸಿದ್ದರಿಂದ 1980ರ ನವೆಂಬರ್ 2ರ ಕಂತಿನ ವೇಳೆಗೆ ಎಡಿತ್ ತೀರಿಕೊಂಡಿರುತ್ತಾಳೆ. ಅವಳ ಮರಣವನ್ನಾಗಲಿ ಅಂತ್ಯಕ್ರಿಯೆಯನ್ನಾಗಲಿ ತೋರಿಸುವುದಿಲ್ಲ. ಆರ್ಚಿ ಅಳದೆ ದಿನ ದೂಡುತ್ತಾನೆ. ಒಂದು ದಿನ ಮಲಗುವ ಕೋಣೆಯಲ್ಲಿ ಅವಳ ಒಂದು ಚಪ್ಪಲಿ ಅವನ ಕಣ್ಣಿಗೆ ಬೀಳುತ್ತದೆ. ಒಂದೇ ಒಂದು. ಅದನ್ನು ಕೈಯಲ್ಲಿ ಹಿಡಿದು ಮಂಚದ ಮೇಲೆ ಕುಳಿತ ಆ ಬಾಯಿಬಡುಕ, ಪ್ರೀತಿಸುತ್ತೇನೆಂದು ತಾನು ಹೇಳುವ ಮೊದಲೇ ಹೊರಟುಹೋದಳೆಂದು ಅವಳ ಮೇಲೆಯೇ ಮುನಿಸಿಕೊಳ್ಳುತ್ತಾನೆ.