ಮನೋಚಿಕಿತ್ಸೆಯಲ್ಲಿ ಇಬ್ಬಗೆಯ ಮನಸ್ಸು: ಒಂದು ಗ್ರಂಥದ ನಾಲ್ಕು ಆವೃತ್ತಿಗಳು

ಕುಡಿತವನ್ನು ಬಿಡಬೇಕೆಂದು ಚಿಕಿತ್ಸಕನ ಬಳಿಗೆ ಬಂದವನೇ ಅದರ ಪರವಾಗಿ ವಾದಿಸುವುದುಂಟು. ಪರಸ್ಪರ ವಿರುದ್ಧವಾದ ಭಾವಗಳು ಒಬ್ಬನಲ್ಲಿ ಏಕಕಾಲಕ್ಕೆ ನೆಲೆಸುವ ಸ್ಥಿತಿಗೆ ಸ್ವಿಟ್ಸರ್ಲೆಂಡಿನ ವೈದ್ಯ ಬ್ಲಾಯ್ಲರನು 1910ರಲ್ಲಿ ‘ಆಂಬಿವೇಲೆನ್ಸ್’ ಎಂಬ ಹೆಸರಿತ್ತನು. ಚಿಕಿತ್ಸೆಗೆ ರೋಗಿಯಿಂದ ಒದಗುವ ಅಡ್ಡಿಯನ್ನು ಫ್ರಾಯ್ಡನು ‘ಪ್ರತಿರೋಧ’ವೆಂದು ಕರೆದನು. ದೋಷವು ರೋಗಿಯಲ್ಲಿಯೇ ಇದೆಯೆಂಬ ಭಾವನೆ ಈ ಪದದೊಡನೆ ಬಹುಕಾಲ ಉಳಿಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಮದ್ಯವ್ಯಸನಿಗಳನ್ನು ಕುರಿತು ಬರೆದ ಲೇಖನವೂ, 1991ರಲ್ಲಿ ಸ್ಟೀಫನ್ ರೋಲ್ನಿಕ್ ಅವರೊಡನೆ ರಚಿಸಿದ ‘ಮೋಟಿವೇಷನಲ್ ಇಂಟರ್ವ್ಯೂಯಿಂಗ್’ ಎಂಬ ಗ್ರಂಥವೂ ಈ ಭಾವನೆಯನ್ನು ಅಲುಗಿಸಿದವು. ಹೊಯ್ದಾಟವು ಮನುಷ್ಯಸಹಜ, ಚಿಕಿತ್ಸಕನು ಬದಲಾವಣೆಯ ಪಕ್ಷ ಹಿಡಿದರೆ ಎದುರಿನವನು ಉಳಿದ ಪಕ್ಷವನ್ನು ಹಿಡಿಯುತ್ತಾನೆ, ಆದ್ದರಿಂದ ಬದಲಾವಣೆಯ ಕಾರಣಗಳು ಅವನ ಬಾಯಿಂದಲೇ ಬರಬೇಕು ಎಂಬುದು ಇವರ ಪ್ರತಿಪಾದನೆ. 2013ರ ಮೂರನೆಯ ಆವೃತ್ತಿಯಲ್ಲಿ ‘ಪ್ರತಿರೋಧ’ವೆಂಬ ಪರಿಕಲ್ಪನೆಯನ್ನೇ ಕೈಬಿಟ್ಟು, ಯಥಾಸ್ಥಿತಿಯ ಪರವಾದ ಮಾತು ಬೇರೆ, ಇಬ್ಬರ ಸಂಬಂಧದಲ್ಲಿನ ಬಿರುಕು ಬೇರೆ ಎಂದು ವಿಂಗಡಿಸಿದರು. ಇದು ನಿಜವಾದ ಮುನ್ನಡೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಗ್ರಂಥದ ಉಪಶೀರ್ಷಿಕೆಗಳನ್ನು ಕ್ರಮವಾಗಿ ಓದಿದಾಗ ಒಂದು ಶಂಕೆ ಏಳುತ್ತದೆ. 1991ರಲ್ಲಿ ಅಲ್ಲಿ ವ್ಯಸನದ ಮಾತಿತ್ತು. 2002ರಲ್ಲಿ ಅದು ಹೋಗಿ ಬರಿಯ ಬದಲಾವಣೆ ಉಳಿಯಿತು. 2013ರಲ್ಲಿ ‘ಸಿದ್ಧಗೊಳಿಸುವ’ ಕೆಲಸ ‘ನೆರವಾಗುವ’ ಕೆಲಸವಾಯಿತು. 2023ರಲ್ಲಿ ಬೆಳವಣಿಗೆಯೂ ಸೇರಿತು. ಕುಡಿತದ ವಿಷಯದಲ್ಲಿ ಯಾವುದು ಹಿತವೆಂಬುದು ಬಹುಮಟ್ಟಿಗೆ ಸ್ಪಷ್ಟ. ದಾಂಪತ್ಯವನ್ನು ಮುರಿಯಬೇಕೆ, ಬಂಧುವಿಗೆ ಮೂತ್ರಪಿಂಡವನ್ನು ಕೊಡಬೇಕೆ ಎಂದು ತೂಗುತ್ತಿರುವವನಿಗೆ ಬೆಳವಣಿಗೆಯ ದಿಕ್ಕನ್ನು ತೋರುವವರು ಯಾರು? ಚಿಕಿತ್ಸಕನು ಯಾವ ಮಾತನ್ನು ಎತ್ತಿಹಿಡಿಯುತ್ತಾನೋ ಅದು ಬಲಗೊಳ್ಳುತ್ತದೆ. ಆದಕಾರಣ ಆಲಿಸುವುದೂ ಒಂದು ಬಗೆಯ ಆಯ್ಕೆಯೇ ಸರಿ.

ಗ್ರಂಥಕರ್ತರು ಇದನ್ನು ಅರಿಯದವರಲ್ಲ. ಇಂತಹ ಪ್ರಸಂಗಗಳಲ್ಲಿ ತಟಸ್ಥನಾಗಿದ್ದು ಎರಡು ಪಕ್ಷಗಳನ್ನೂ ಸಮನಾಗಿ ವಿಚಾರಿಸಬೇಕೆಂದು ಅವರೇ ಹೇಳಿದ್ದಾರೆ. ಆದರೆ ಇನ್ನೂ ನಿಶ್ಚಯಿಸದವರಲ್ಲಿ ಈ ಸಮತೂಕವು ಬದಲಾವಣೆಯ ಸಂಕಲ್ಪವನ್ನು ಕುಗ್ಗಿಸುವಂತೆ ತೋರುತ್ತದೆಂದು ಮಿಲ್ಲರ್ ಮತ್ತು ರೋಸ್ ಅವರು 2015ರಲ್ಲಿ ವಾದಿಸಿದರು. ಹಾಗಾದರೆ ತಟಸ್ಥತೆಗೂ ಪರಿಣಾಮವುಂಟು. ನ್ಯಾಯಾಲಯವು ಕಳುಹಿಸಿದವನ ವಿಷಯದಲ್ಲಂತೂ ಬದಲಾವಣೆಯನ್ನು ಬಯಸಿದವರು ಬೇರೆಯವರೇ ಆಗಿರಬಹುದು.

ಆದ್ದರಿಂದ ದಿಕ್ಕಿನ ನಿರ್ಣಯವು ಕೌಶಲಕ್ಕೆ ಮುಂಚಿನದೆಂದೂ, ಅದನ್ನು ಎದುರಿಗೆ ಕುಳಿತವನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂದೂ ನಾವು ಭಾವಿಸುತ್ತೇವೆ. ಯಥಾಸ್ಥಿತಿಯನ್ನು ಬಯಸಿದವರೆಲ್ಲರೂ ಅವಿವೇಕಿಗಳಲ್ಲವೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಹಿಂದೆಗೆಯುವ ಮನಸ್ಸಿಗೂ ಅದರದೇ ಆದ ಕಾರಣಗಳಿರುತ್ತವೆ. ಅವುಗಳನ್ನು ಕೇಳಿ ಮುಗಿಸುವ ಮುನ್ನವೇ ಮುಂದಿನ ಪ್ರಶ್ನೆಗೆ ಹೋಗುವ ಆತುರವು ಈ ಪದ್ಧತಿಯನ್ನು ಕಲಿಯುವವರಿಗೆ ಸಲ್ಲದು.